ಬಸ್ಸಿನ ಮೈಕ್ ಹಿಡಿದವನ ತಪ್ಪು

ಟೂರ್ ಮ್ಯಾನೇಜರ್ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ದಾಟಿತು. ಗುಂಪು ಕರೆದುಕೊಂಡು ದೇಶ ಸುತ್ತಿಸುತ್ತೇನೆ. ಮುಂದಿನ ಊರು ಬರುವ ಮೊದಲು ಬಸ್ಸಿನ ಮೈಕ್ ಹಿಡಿದು ಅಲ್ಲಿನ ಜನರ ಬಗ್ಗೆ ಹತ್ತು ನಿಮಿಷ ಮಾತಾಡುತ್ತೇನೆ. ಪಾಸ್‌ಪೋರ್ಟ್ ಕಳೆದುಕೊಂಡವರನ್ನು ಸಂಭಾಳಿಸುವುದೂ ಇರುತ್ತದೆ, ಅದು ಬೇರೆ ಕಥೆ.

ದೇಶ ಸುತ್ತು, ಕೋಶ ಓದು ಅಂತಾರಲ್ವಾ? ನನ್ನ ಬಸ್ಸಿನಲ್ಲಿ ಬರುವವರಿಗೆ ಕೋಶದ ಜಾಗದಲ್ಲಿ ಇರುವುದು ನನ್ನ ಮೈಕ್. ಆ ಹತ್ತು ನಿಮಿಷ ಕೇಳಿದ್ದನ್ನೇ ಅವರು ಕೆಳಗಿಳಿದು ನೋಡುತ್ತಾರೆ. ಇದು ತಲೆಗೆ ಹೋಗಲು ನನಗೆ ತುಂಬಾ ತಡವಾಯಿತು.

ಉತ್ತರ ಥಾಯ್ಲೆಂಡಿನಲ್ಲಿ ಕಯಾನ್ ಜನರ ಹಳ್ಳಿಗಳಿವೆ. ಅಲ್ಲಿನ ಹೆಂಗಸರು ಕುತ್ತಿಗೆಗೆ ಹಿತ್ತಾಳೆಯ ಸುರುಳಿ ಹಾಕುತ್ತಾರೆ. ಒಳಗೆ ಹೋಗಲು ಟಿಕೆಟ್. 'ಕುತ್ತಿಗೆ ಉದ್ದ ಮಾಡಿಕೊಳ್ಳುವ ಜನ, ನೂರಾರು ವರ್ಷಗಳಿಂದ ಇದೇ ಕಾಡಿನಲ್ಲಿ ಹೀಗೇ ಇದ್ದಾರೆ' ಎಂದು ಮೈಕ್‌ನಲ್ಲಿ ಹೇಳುತ್ತಿದ್ದೆ. ಯಾರೋ ಹಿರಿಯ ಗೈಡ್ ಹೇಳಿದ್ದು, ನಾನೂ ಸುಮ್ನೆ ಒಪ್ಪಿಸುತ್ತಿದ್ದೆ. ಒಮ್ಮೆ ನಮ್ಮ ಗುಂಪಿನ ಹುಡುಗಿಯೊಬ್ಬಳು ಅಲ್ಲಿ ನೇಯುತ್ತಾ ಕೂತಿದ್ದ ಹೆಂಗಸಿಗೆ, ಸ್ಥಳೀಯ ಗೈಡ್ ಮೂಲಕ, 'ನೀವು ಹುಟ್ಟಿದ್ದು ಇಲ್ಲೇನಾ?' ಎಂದು ಕೇಳಿದಳು. ಆಕೆ ನಕ್ಕರು. ಮ್ಯಾನ್ಮಾರ್‌ನಲ್ಲಿ ಹುಟ್ಟಿ, ಚಿಕ್ಕವಯಸ್ಸಿನಲ್ಲಿ ಯುದ್ಧಕ್ಕೆ ಹೆದರಿ ಗಡಿ ದಾಟಿದವರಂತೆ.

ಇಡೀ ಬಸ್ಸು ತಿರುಗಿ ನನ್ನ ಮುಖ ನೋಡಿತು.

ಆ ರಾತ್ರಿ ಕೂತು ಓದಿದೆ. ಸುರುಳಿಯಿಂದ ಕುತ್ತಿಗೆ ಬೆಳೆಯುವುದೇ ಇಲ್ಲ. ಅದರ ಭಾರಕ್ಕೆ ಕತ್ತಿನ ಕೆಳಗಿನ ಮೂಳೆ, ಪಕ್ಕೆಲುಬು ಕೆಳಕ್ಕೆ ಜಗ್ಗುತ್ತವೆ, ಕುತ್ತಿಗೆ ಉದ್ದ ಕಾಣುತ್ತದೆ, ಅಷ್ಟೇ. ಇವರಲ್ಲಿ ಕೆಲವರಿಗೆ ಆಶ್ರಯ ಕೊಡಲು ನ್ಯೂಜಿಲೆಂಡ್, ಫಿನ್ಲೆಂಡ್ ತಯಾರಿದ್ದರೂ ಥಾಯ್ಲೆಂಡ್ ಹೊರಗೆ ಬಿಡುತ್ತಿಲ್ಲ ಎಂದು 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ದೂರಿತ್ತು. ನಾನು 'ಸಂಪ್ರದಾಯ' ಎಂದು ತೋರಿಸಿದ್ದರಲ್ಲಿ ಅರ್ಧ ಭಾಗ ಯುದ್ಧ, ಇನ್ನರ್ಧ ಟಿಕೆಟ್ ವ್ಯಾಪಾರ.

ಇದೊಂದೇ ಅಲ್ಲ. ಆಸ್ಟ್ರೇಲಿಯಾದ ಉಲುರು ಬಂಡೆಯ ಬುಡದಲ್ಲಿ 'ದಯವಿಟ್ಟು ಏರಬೇಡಿ' ಎಂದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನ ಬೋರ್ಡ್ ಹಾಕಿದ್ದರು. 'ಕಾನೂನು ತಡೆಯಲ್ಲ, ನಿಮ್ಮಿಷ್ಟ' ಎನ್ನುತ್ತಿದ್ದೆ. ಸಾಕಿತ್ತು, ಜನ ಏರಿಬಿಡುತ್ತಿದ್ದರು. 2019ರ ಅಕ್ಟೋಬರ್ 26ರಿಂದ ಏರುವುದೇ ಬಂದ್.

ಸುತ್ತಿದರೆ ಮನಸ್ಸು ತಾನಾಗಿ ದೊಡ್ಡದಾಗುತ್ತದೆ ಎಂದು ನನಗೀಗ ಅನ್ನಿಸುವುದಿಲ್ಲ. ಹಳೆಯ ಕಾಲದ ಪ್ರವಾಸಿ ಇಬ್ನ್ ಬತೂತ 1325ರಲ್ಲಿ ಮೊರಾಕೊದ ತನ್ನ ಊರು ಟ್ಯಾಂಜಿಯರ್ ಬಿಟ್ಟು ದಶಕಗಳ ಕಾಲ ಸುತ್ತಿದವನು. ಅಷ್ಟು ಸುತ್ತಿದ ಮೇಲೂ ಮಾಲ್ಡೀವ್ಸ್‌ನಲ್ಲಿ ಖಾಜಿಯಾಗಿ, ಅಂದರೆ ನ್ಯಾಯಾಧೀಶನಾಗಿ ಕೂತಾಗ ಅಲ್ಲಿನ ಹೆಂಗಸರ ಉಡುಪು ಬದಲಿಸಲು ಹೊರಟ. ಅವರು ಕೇಳಲಿಲ್ಲ. ಅದನ್ನು ಅವನೇ ಬರೆಸಿಟ್ಟಿದ್ದಾನೆ, ಪುಣ್ಯಾತ್ಮ.

ನಮ್ಮ ಟೂರ್‌ನಲ್ಲಿ ಇನ್ನೊಂದು ತೊಡಕಿದೆ. ಪ್ರವಾಸಿಗರು ಮಾತಾಡಿಸುವ ಸ್ಥಳೀಯರು ಅಂದರೆ ಡ್ರೈವರ್, ವೇಟರ್, ಅಂಗಡಿಯವರು. ಎಲ್ಲರೂ ನಮ್ಮ ದುಡ್ಡಿಗೆ ನಗಬೇಕಾದವರು. ಜನ ಬೆರೆತರೆ ಪೂರ್ವಗ್ರಹ ಕಡಿಮೆಯಾಗಬಹುದು, ಆದರೆ ಇಬ್ಬರೂ ಸಮಾನರಾಗಿ ನಿಂತು ಒಂದೇ ಕೆಲಸಕ್ಕೆ ಕೈ ಹಾಕಿದ್ದರೆ ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಎಂಟು ದಿನಕ್ಕೆ ಐದು ಊರು ತೋರಿಸುವ ಪ್ಯಾಕೇಜ್‌ನಲ್ಲಿ ಅದಕ್ಕೆಲ್ಲಿ ಜಾಗ?

ಹಾಗಾಗಿ ಸಣ್ಣದೊಂದು ಬದಲಾವಣೆ ಮಾಡಿಕೊಂಡೆ. 'ಇಲ್ಲಿನ ಜನ...' ಎಂದು ಶುರುವಾಗುವ ಮಾತನ್ನು ಮೈಕ್‌ನಲ್ಲಿ ಆಡುವುದಿಲ್ಲ. ಆ ಜಾಗದಲ್ಲಿ ನಡೆದದ್ದನ್ನು ಹೇಳುತ್ತೇನೆ. ಉಲುರುವಿನ ನೆಲ ಅನಂಗು ಜನರಿಗೆ ವಾಪಸ್ ಸಿಕ್ಕಿದ್ದು 1985ರಲ್ಲಿ, ಹೀಗೆ. ಮಜಾ ಕಮ್ಮಿ ಆಯ್ತು ಎಂದು ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಕೆಲವರು ಬರೆದರು. ಆಫೀಸಿನಲ್ಲಿ ನನ್ನ ಮೇಲಿನ ಮ್ಯಾನೇಜರ್ ಕರೆದು ಕೇಳಿದರು ಕೂಡ.

ಕಯಾನ್ ಹಳ್ಳಿ ಇನ್ನೂ ಪ್ಯಾಕೇಜ್‌ನಲ್ಲಿದೆ. ಈಗ ಬಸ್ಸಿನಲ್ಲೇ ಎಲ್ಲ ಹೇಳಿ, ಬರುವವರು ಬನ್ನಿ ಎನ್ನುತ್ತೇನೆ. ಹೋದ ಸಲ ಏಳು ಜನ ಇಳಿಯಲೇ ಇಲ್ಲ. ಅವರ ಮುಖದಲ್ಲಿ ಏನೋ ಒಳ್ಳೆಯದು ಮಾಡಿದ ಸಮಾಧಾನ. ನನಗೂ ಖುಷಿಯಾಗಿತ್ತು. ಒಳಗೆ ಹೋದಾಗ ಮಗ್ಗದ ಹಿಂದೆ ಕೂತಿದ್ದಾಕೆ ನಮ್ಮ ಗುಂಪನ್ನು ಎಣಿಸಿ, 'ಈ ಸಲ ಇಷ್ಟೇ ಜನಾನಾ?' ಎಂದು ಗೈಡ್‌ನ ಕೇಳಿದರು. ಹಗ್ಗದ ಮೇಲೆ ಶಾಲುಗಳು ಹಾಗೇ ನೇತಾಡುತ್ತಿದ್ದವು.