ಮೌಂಟ್ ಬೇಕರ್: ಬೋರ್ಡಿನವರ ಹೊಗಳಿಕೆ, ಸ್ಕೀಯವರ ತಕರಾರು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರ ಇರುವ ಮೌಂಟ್ ಬೇಕರ್ ಸ್ಕೀ ಏರಿಯಾದ ಬಗ್ಗೆ ಇಬ್ಬರನ್ನು ಕೇಳಿ ನೋಡಿ. ಸ್ನೋಬೋರ್ಡಿನವರು ಇಂಥ ಬೆಟ್ಟ ಇನ್ನೊಂದಿಲ್ಲ ಎನ್ನುತ್ತಾರೆ. ಸ್ಕೀಯವರಲ್ಲಿ ಬಹಳಷ್ಟು ಜನ "ಹಿಮವೇನೋ ಇದೆ, ಆದರೆ..." ಎಂದು ಶುರು ಮಾಡುತ್ತಾರೆ. ಇದನ್ನು ಬರೀ ಅಭಿರುಚಿಯ ಜಗಳ ಎಂದುಕೊಂಡರೆ ತಪ್ಪು. ಕಾಲಿಗೆ ಕಟ್ಟಿಕೊಂಡದ್ದು ಒಂದು ಹಲಗೆಯೋ ಎರಡೋ ಎಂಬುದರ ಮೇಲೆ ಬೆಟ್ಟವೇ ಬೇರೆಯಾಗುತ್ತದೆ.

ಇಲ್ಲಿ ಥಳುಕುಬಳುಕು ಏನೂ ಇಲ್ಲ. ಬುಡದಲ್ಲಿ ಹೋಟೆಲ್ ಇಲ್ಲ. ಕೊನೆಯ ಊರು ಗ್ಲೇಸಿಯರ್, ಅದೂ ಹೆದ್ದಾರಿ 542ರಲ್ಲಿ ಸುಮಾರು 27 ಕಿ.ಮೀ. ಕೆಳಗೆ. ವಿದ್ಯುತ್ ತಂತಿ ಅಷ್ಟು ಮೇಲೆ ಬಂದಿಲ್ಲ, ಜನರೇಟರ್‌ಗಳಲ್ಲೇ ಎಲ್ಲ ನಡೆಯುತ್ತದೆ. ಚೇರ್‌ಲಿಫ್ಟ್‌ಗಳಿಗೆ ಹೆಸರಿನ ಗೊಡವೆಯೂ ಇಲ್ಲ, ಬರೀ ನಂಬರ್. ಹೆಸರಿನಲ್ಲಿ ಬೇಕರ್ ಇದ್ದರೂ ಜಾಗ ಆ ಹೆಸರಿನ ಜ್ವಾಲಾಮುಖಿಯ ಮೇಲಿಲ್ಲ, ಅದಕ್ಕೂ ಶುಕ್ಸಾನ್ ಶಿಖರಕ್ಕೂ ನಡುವಿನ ದಿಣ್ಣೆಗಳಲ್ಲಿದೆ. ವೈಟ್ ಸಾಮನ್ ಎಂಬ ಕೆಳಗಿನ ಬುಡ ಸುಮಾರು 1,070 ಮೀಟರ್ ಎತ್ತರದಲ್ಲಿದ್ದರೆ, ಲಿಫ್ಟ್ ಮುಟ್ಟುವ ತುದಿ ಸುಮಾರು 1,550 ಮೀಟರ್. ಅಂದರೆ ಒಟ್ಟು ಇಳಿತ 500 ಮೀಟರಿಗಿಂತ ಕಡಿಮೆ. ಸಾಪು ಮಾಡಿದ ಉದ್ದನೆಯ ಇಳಿಜಾರಿನಲ್ಲಿ ಅಂಚು ಊರಿ ತಿರುಗುತ್ತ ಹೋಗುವುದೇ ಸುಖ ಎನ್ನುವ ಸ್ಕೀಯರ್‌ಗೆ ಇಲ್ಲಿ ಹೊಟ್ಟೆ ತುಂಬುವುದಿಲ್ಲ. ಈ ತಕರಾರು ನ್ಯಾಯವಾದದ್ದೇ.

ಲಿಫ್ಟ್‌ಗಳು ಫಿಕ್ಸ್‌ಡ್ ಗ್ರಿಪ್ ಬಗೆಯವು, ಅಂದರೆ ಕುರ್ಚಿ ಹಗ್ಗಕ್ಕೆ ಕಚ್ಚಿಕೊಂಡೇ ಇರುತ್ತದೆ. ಹೊಸ ಡಿಟ್ಯಾಚಬಲ್ ಲಿಫ್ಟ್ ಸೆಕೆಂಡಿಗೆ 5 ಮೀಟರ್ ಓಡಿದರೂ ಹತ್ತಿಳಿಯುವಲ್ಲಿ ಹಗ್ಗ ಬಿಟ್ಟು ನಿಧಾನವಾಗುತ್ತದೆ. ಫಿಕ್ಸ್‌ಡ್ ಗ್ರಿಪ್‌ನದು ಉಲ್ಟಾ: ದಾರಿಯುದ್ದಕ್ಕೂ 2ರಿಂದ 2.5 ಮೀಟರ್ ವೇಗ, ಇಳಿಯುವಾಗಲೂ ಅದೇ ವೇಗ. ಹಿಂಗಾಲು ಬಿಚ್ಚಿಕೊಂಡು ಇಳಿಯಬೇಕಾದ ಬೋರ್ಡಿನವರಿಗೇ ಇದರ ಕಾಟ ಹೆಚ್ಚು. ರ‍್ಯಾಂಪ್ ಹತ್ತಿರ ಬಂದಾಗ ಬೋರ್ಡಿನ ಮೂಗು ನೇರ ಮುಂದಕ್ಕಿರಲಿ. ಹಿಂಗಾಲನ್ನು, ಬೂಟು ಬಿಗಿಯುವ ಹಿಂದಿನ ಬೈಂಡಿಂಗ್‌ಗೆ ಒತ್ತಿ ಇಡಿ, ಪೂರ್ತಿ ಎದ್ದು ನಿಲ್ಲಿ, ರ‍್ಯಾಂಪ್ ಮುಗಿಯುವ ತನಕ ತಿರುಗಲು ಹೋಗಬೇಡಿ. ಕುರ್ಚಿಯ ಅಂಚಿಗೆ ಅರೆಬರೆ ಕೂತು ಜಾರಲು ಹೋದವರ ಬೋರ್ಡ್ ಅಡ್ಡ ತಿರುಗುತ್ತದೆ, ಪಕ್ಕದವರನ್ನೂ ಬೀಳಿಸುತ್ತದೆ, ಲಿಫ್ಟ್ ನಿಲ್ಲುತ್ತದೆ. ಮೊದಲೇ ನಿಧಾನದ ಲಿಫ್ಟ್!

ಹಾಗಿದ್ದೂ ಬೋರ್ಡಿನವರು ಈ ಬೆಟ್ಟವನ್ನು ತಲೆಯ ಮೇಲೆ ಹೊತ್ತು ಮೆರೆಸುವುದಕ್ಕೆ ಮುಖ್ಯ ಕಾರಣ ಹಿಮ. 1998-99ರ ಋತುವಿನಲ್ಲಿ ಇಲ್ಲಿ 1,140 ಇಂಚು, ಅಂದರೆ ಸುಮಾರು 29 ಮೀಟರ್ ಹಿಮ ಬಿತ್ತು. 1971-72ರಲ್ಲಿ ಮೌಂಟ್ ರೇನಿಯರ್‌ನಲ್ಲಿ ದಾಖಲಾಗಿದ್ದ 1,122 ಇಂಚನ್ನು ಅದು ಮೀರಿಸಿತು. ಕುರ್ಚಿಗಳು ಹಾದುಹೋಗಲು ಕೆಳಗಿನ ಹಿಮವನ್ನೇ ಅಗೆದು ತೆಗೆಯಬೇಕಾಯಿತು. ಆದರೆ ಇದು ಯೂಟಾದ ಒಣ ಪುಡಿಹಿಮವಲ್ಲ. ಪೆಸಿಫಿಕ್ ಸಾಗರ ಹತ್ತಿರ, ಎತ್ತರ ಕಡಿಮೆ, ಉಷ್ಣಾಂಶ ಬಹಳ ಸಲ ಸೊನ್ನೆಯ ಆಸುಪಾಸು. ಹಾಗಾಗಿ ಬೀಳುವುದು ತೇವದ, ಭಾರದ ಹಿಮ. ಅದಕ್ಕೆ ಅಲ್ಲಿನವರು ಕೊಟ್ಟಿರುವ ಅಡ್ಡಹೆಸರು ಕ್ಯಾಸ್ಕೇಡ್ ಕಾಂಕ್ರೀಟ್.

ಇಂಥ ಹಿಮದಲ್ಲಿ ಎರಡು ಸ್ಕೀಗಳು ಎರಡು ಬೇರೆ ಆಳಕ್ಕೆ ಇಳಿಯುತ್ತವೆ. ಒಂದರ ತುದಿ ಹೂತು ತಡೆದರೆ ಇನ್ನೊಂದು ಮುಂದೆ ಹೋಗುತ್ತದೆ, ತಿರುಚು ಬೀಳುವುದು ಮಂಡಿಗೆ. ಬೋರ್ಡಿನಲ್ಲಿ ಎರಡೂ ಪಾದ ಒಂದೇ ಹಲಗೆಗೆ ಬಿಗಿದಿರುತ್ತವೆ; ಸುಮಾರು 25 ಸೆಂ.ಮೀ. ಅಗಲದ ಆ ಹಲಗೆ ಒಟ್ಟಾಗಿ ತೇಲುತ್ತದೆ, ಒಟ್ಟಾಗಿ ತಿರುಗುತ್ತದೆ. ನಡುಭಾಗ 80 ಮಿ.ಮೀ. ಅಗಲವಿರುವ ಸ್ಕೀ ಹಾಕಿಕೊಂಡು ಬಂದು ಬೆಟ್ಟವನ್ನು ಬೈಯುವವರಿಗೆ ಹೇಳುವುದಿಷ್ಟೇ: 105ರಿಂದ 115 ಮಿ.ಮೀ. ಅಗಲದ, ಮುಂತುದಿ ಮೇಲೆದ್ದ ರಾಕರ್ ಸ್ಕೀ ಬಾಡಿಗೆಗೆ ತೆಗೆದುಕೊಂಡು ಮತ್ತೊಮ್ಮೆ ನೋಡಿ, ಕೋಲಿನ ತುದಿಗೆ ಅಗಲದ ಬ್ಯಾಸ್ಕೆಟ್ (ಕೋಲು ಹಿಮದಲ್ಲಿ ಹೂಳದಂತೆ ತಡೆಯುವ ಬಿಲ್ಲೆ) ಹಾಕಿಸಿ. ಹಿಂದಕ್ಕೆ ವಾಲಿ ತೇಲಲು ಹೋಗಬೇಡಿ. ತೊಡೆ ಉರಿಯುತ್ತದೆ, ತುದಿಯ ಹಿಡಿತವೂ ತಪ್ಪುತ್ತದೆ.

ಬೋರ್ಡಿನವರಿಗೂ ತಯಾರಿ ಬೇಕು. ಎರಡೂ ಬೈಂಡಿಂಗ್‌ಗಳನ್ನು 2 ಸೆಂ.ಮೀ.ನಷ್ಟು ಹಿಂದಕ್ಕೆ ಸರಿಸಿ. ಒಂದನ್ನೇ ಸರಿಸಿದರೆ ಪಾದಗಳ ಅಂತರ ಬದಲಾಗಿ ಲೆಕ್ಕ ಕೆಡುತ್ತದೆ. ಹೀಗೆ ಮಾಡದಿದ್ದರೆ ಮೂಗು ಮೇಲಿಡಲು ಇಡೀ ದಿನ ಹಿಂಗಾಲಿನ ಮೇಲೆ ಭಾರ ಹಾಕಬೇಕು, ಮಧ್ಯಾಹ್ನದ ಹೊತ್ತಿಗೆ ಆ ಕಾಲು ಸತ್ತೇ ಹೋಗುತ್ತದೆ. ಸ್ಕ್ರೂಗಳನ್ನು ಮೊದಲ ಇಳಿತದ ನಂತರ ಇನ್ನೊಮ್ಮೆ ಬಿಗಿ ಮಾಡಿ.

ಹಲಗೆ ಜಾರಲೆಂದು ತಳಕ್ಕೆ ಹಚ್ಚುವ ಮೇಣದ ವಿಷಯದಲ್ಲಿ ಇಬ್ಬರಿಗೂ ಒಂದೇ ಪಾಠ. ಸೊನ್ನೆ ಡಿಗ್ರಿಯ ಹತ್ತಿರ ಹಿಮದ ಮೇಲೆ ನೀರಿನ ಪದರ ಏಳುತ್ತದೆ, ತಳ ಅದಕ್ಕೆ ಅಂಟಿ ಎಳೆಯುತ್ತದೆ. ಬೆಚ್ಚನೆಯ ಹಿಮದ ಮೇಣ ಹಚ್ಚುವುದು ಅರ್ಧ ಕೆಲಸ ಮಾತ್ರ. ತಳದಲ್ಲಿ ಉದ್ದಕ್ಕೆ ದಪ್ಪನೆಯ ಗೆರೆಗಳಿರಬೇಕು, ಮೇಣ ಕೆರೆದ ಮೇಲೆ ಹಿತ್ತಾಳೆ ಬ್ರಷ್‌ನಿಂದ ಆ ಗೆರೆಗಳನ್ನು ಬಿಡಿಸಬೇಕು. ಗೆರೆಯೊಳಗೆ ಮೇಣ ತುಂಬಿಕೊಂಡರೆ ನೀರು ಹರಿದುಹೋಗಲು ದಾರಿ ಇರುವುದಿಲ್ಲ. ಇದನ್ನು ಬಿಟ್ಟ ಸ್ಕೀಯರ್ ಕೋಲು ಊರಿ ಹೇಗೋ ದಾಟಿಯಾನು. ಬೋರ್ಡಿನವರು ಸಮತಟ್ಟಿನಲ್ಲಿ ಕಂಬದ ಹಾಗೆ ನಿಂತುಬಿಡುತ್ತಾರೆ.

ಎರಡನೆಯ ಕಾರಣ ನೆಲದ ಆಕಾರ. ಉದ್ದ ಕಡಿಮೆಯಾದರೂ ಇಲ್ಲಿ ಕೊರಕಲು, ದಿಬ್ಬ, ಬಂಡೆಯ ಜಿಗಿತಗಳು ಒತ್ತೊತ್ತಾಗಿವೆ. ಕೊರಕಲಿನ ಎರಡೂ ಪಕ್ಕ ಏರುವ ಗೋಡೆಗಳು ಬೋರ್ಡಿನವರಿಗೆ ಪ್ರಕೃತಿಯೇ ಕಟ್ಟಿಕೊಟ್ಟ ಹಾಫ್‌ಪೈಪ್. 1985ರಿಂದ ನಡೆದುಬಂದಿರುವ ಲೆಜೆಂಡರಿ ಬ್ಯಾಂಕ್ಡ್ ಸ್ಲಾಲಮ್ ಪಂದ್ಯ ಹುಟ್ಟಿದ್ದು ಇಂಥದೇ ಒಂದು ಕೊರಕಲಿನಲ್ಲಿ. ಗೆದ್ದವರಿಗೆ ಸಿಗುವುದು ಚಿನ್ನದ ಬಣ್ಣದ ಡಕ್ಟ್ ಟೇಪ್ ಸುರುಳಿ. ಬೆಟ್ಟಕ್ಕೆ ತಕ್ಕ ಬಹುಮಾನ. ಬೇರೆಡೆ ಬೋರ್ಡನ್ನು ಒಳಗೇ ಬಿಡದಿದ್ದ ಆ ಕಾಲದಲ್ಲಿ ಇಲ್ಲಿ ಬಾಗಿಲು ತೆರೆದಿತ್ತು, ಆ ಋಣವೂ ಹೊಗಳಿಕೆಯಲ್ಲಿ ಬೆರೆತಿದೆ. ಸ್ಕೀಯವರ ಕಷ್ಟ ಬೇರೆ: ಉದ್ದನೆಯ ಗಡುಸು ಸ್ಕೀ ಕೊರಕಲಿನ ಬಾಗಿದ ತಳದಲ್ಲಿ ಮುಂತುದಿ, ಹಿಂತುದಿ ಊರಿ ನಡುವೆ ಸೇತುವೆಯಂತೆ ನಿಲ್ಲುತ್ತದೆ. ಹಿಡಿತ ಬೇಕಾದದ್ದು ಪಾದದ ಕೆಳಗೆ, ಅಲ್ಲೇ ಇರುವುದಿಲ್ಲ.

ಮಾತು ಪೂರ್ತಿ ತಿರುಗುಮುರುಗಾಗುವ ಜಾಗವೂ ಇದೆ. ಯೂಟಾದ ಆಲ್ಟಾದಲ್ಲಿ ಒಳ್ಳೆಯ ಇಳಿಜಾರು ಸೇರಲು ಉದ್ದನೆಯ ಅಡ್ಡದಾರಿಗಳನ್ನು ದಾಟಬೇಕು, ಅಲ್ಲಲ್ಲಿ ಪಕ್ಕಕ್ಕೆ ಹೆಜ್ಜೆಯಿಟ್ಟು ಹತ್ತಬೇಕು. ಅದು ಸ್ಕೀಯವರ ಬೆಟ್ಟ, ಬೋರ್ಡಿಗೆ ಪ್ರವೇಶವೇ ಇಲ್ಲ. ನಿಷೇಧ ಸರಿಯೆಂದು ನನಗನಿಸುವುದಿಲ್ಲ, ಆದರೆ ಬಿಟ್ಟರೂ ಆ ಅಡ್ಡದಾರಿಗಳಲ್ಲಿ ಬೋರ್ಡಿನವರು ಸುಖಪಡುತ್ತಾರೆ ಎನ್ನುವ ನಂಬಿಕೆಯಿಲ್ಲ.

ಬೇಕರ್‌ನಲ್ಲಿ ಮರಗಳ ನಡುವಿನ ಅಪಾಯ ಇಬ್ಬರಿಗೂ ಒಂದೇ. ದಟ್ಟ ಕೊಂಬೆಯ ಮರದ ಬುಡದಲ್ಲಿ ಹಿಮ ಗಟ್ಟಿಯಾಗದೆ ಪೊಳ್ಳಾಗಿರುತ್ತದೆ; ತಲೆಕೆಳಗಾಗಿ ಬಿದ್ದರೆ ಉಸಿರು ಕಟ್ಟುತ್ತದೆ. ಸ್ಕೀಯವರು ಮರಗಳೊಳಗೆ ಹೋಗುವ ಮುನ್ನ ಕೋಲಿನ ಪಟ್ಟಿಯನ್ನು ಮಣಿಕಟ್ಟಿನಿಂದ ತೆಗೆಯಬೇಕು. ಬೋರ್ಡ್ ತಾನಾಗಿ ಕಳಚುವುದಿಲ್ಲವಾದ್ದರಿಂದ ಬಿದ್ದವರಿಗೆ ಒಬ್ಬರೇ ಹೊರಬರುವುದು ಬಹಳ ಕಷ್ಟ. ಜೊತೆಗಾರರು ಕಣ್ಣಳತೆಯಲ್ಲೇ ಇರಲಿ, ಕೊರಳಲ್ಲಿ ಸೀಟಿ ಇರಲಿ. ಮೋಡ ಕವಿದು ಮೇಲಿನ ಬಯಲು ಕಾಣದ ದಿನವೂ ಮರಗಳ ಅಂಚೇ ಗತಿ, ಏಕೆಂದರೆ ಕಣ್ಣಿಗೆ ಗುರುತು ಸಿಗುವುದು ಅಲ್ಲಿ ಮಾತ್ರ.

ಸ್ಕೀ ಕಳಚಿ ಆಳ ಹಿಮದಲ್ಲಿ ಮಾಯವಾದರೆ ನೀವು ನಿಂತಲ್ಲಿ ಹುಡುಕಬೇಡಿ; ಬಹುತೇಕ ಅದು ಮೇಲೆ, ಕಳಚಿದ ಜಾಗದ ಆಸುಪಾಸಿನಲ್ಲಿರುತ್ತದೆ. ಕಳೆದುಹೋದೀತೆಂಬ ಭಯಕ್ಕೆ ಬೈಂಡಿಂಗ್‌ನ ಡಿನ್ ಸಂಖ್ಯೆ (ಎಷ್ಟು ಬಲ ಬಿದ್ದರೆ ಸ್ಕೀ ಕಳಚಬೇಕೆಂಬ ಅಳತೆ) ಏರಿಸಿದರೆ ಕಳಚಬೇಕಾದಾಗ ಕಳಚದೆ ಮಂಡಿ ಹೋಗುತ್ತದೆ.

ಸ್ಕೀ ಏರಿಯಾದ ಗಡಿಯಾಚೆಗಿರುವ ಶುಕ್ಸಾನ್ ಆರ್ಮ್ ಎಂಬ ಏಣಿನ ಕಡೆ ಹೋಗಲು ಟ್ರಾನ್ಸೀವರ್ (ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಸಲಿಕೆ, ಜೊತೆಗಾರ, ದಾರಿಯ ತಿಳಿವಳಿಕೆ ಇಷ್ಟೂ ಬೇಕು. ಸ್ಕೀ, ಬೋರ್ಡ್ ಎರಡೂ ಇರುವ ಗುಂಪಿನಲ್ಲಿ ಸಮತಟ್ಟು ಬರುವ ಮೊದಲು ಬೋರ್ಡಿನವರನ್ನು ಮುಂದೆ ಬಿಡಿ. ಅವರಿಗೆ ತಡೆಯಿಲ್ಲದ ವೇಗ ಬೇಕು, ಎದುರಿಗೆ ಯಾರಾದರೂ ನಿಂತರೆ ಕೆಲಸ ಕೆಟ್ಟಿತು. ಅಷ್ಟಾದರೂ ಸಿಕ್ಕಿಬಿದ್ದರೆ ಸ್ಕೀಯವರು ಪಟ್ಟಿ ಬಿಚ್ಚಿದ ಕೋಲಿನ ಹಿಡಿಯನ್ನು ತಾವು ಹಿಡಿದು, ಬ್ಯಾಸ್ಕೆಟ್ ಕಡೆಯ ತುದಿಯನ್ನು ಅವರಿಗೆ ಕೊಟ್ಟು ಎಳೆದುಕೊಂಡು ಹೋಗಬಹುದು.