ಗೆಟ್ ಚಕ್ರ, ನಾಲ್ಕನೇ ಸುತ್ತು: ಮಂಡಿ ಆಪರೇಷನ್ ಮಾಡಿದ್ದು ಯಾರು?

“ಲಾಸ್ಟ್ ಇಯರ್ ಐ ಆಪರೇಟೆಡ್ ಮೈ ನೀ” ಅಂದರು ನಮ್ಮ ಮನೆ ಓನರಮ್ಮ. ಅಡುಗೆಮನೆಯಲ್ಲಿ ಕೂತು ತಮ್ಮ ಮಂಡಿಯನ್ನು ತಾವೇ ಕುಯ್ದುಕೊಳ್ಳುತ್ತಿರುವ ಅರವತ್ತೆಂಟರ ಹೆಂಗಸು ಕಣ್ಣ ಮುಂದೆ ಬಂದು ನಗು ತಡೆಯಲಾಗಲಿಲ್ಲ. ಯಾಕೆ ಅಂತ ಗೊತ್ತಿಲ್ಲದೆ ಅವರೂ ನಕ್ಕರು. ಮೂರು ತಿಂಗಳಿಂದ ನನ್ನ ಚಕ್ರದಲ್ಲಿ ಖಾಲಿ ಬಿದ್ದಿದ್ದ ಏಳನೇ ಮನೆಗೆ ಏನು ಬರೆಯಬೇಕು ಅಂತ ಹೊಳೆದದ್ದು ಆಗ.

ಹೊಸಬರಿಗೆ ಎರಡೇ ಮಾತು: ನಾನಿರೋದು ಮೆಕ್ಸಿಕೋದ ಗ್ವಾದಲಹಾರದಲ್ಲಿ. ಹೊಟ್ಟೆಪಾಡು ಸಾಫ್ಟ್‌ವೇರ್, ಹುಚ್ಚು ರಟ್ಟಿನ ಭಾಷಾಚಕ್ರ: ಒಂದರ ಮೇಲೊಂದು ಎರಡು ತಟ್ಟೆ, ನಡುವೆ ರಿವೆಟ್, ಮೇಲಿನದನ್ನು ತಿರುಗಿಸಿದರೆ ಒಂದೊಂದೇ ಮನೆಯ ಇಂಗ್ಲಿಷೂ ಅದರ ಸ್ಪ್ಯಾನಿಷೂ ಕಿಂಡಿಗಳಲ್ಲಿ ಕಾಣುತ್ತೆ. ಓನರಮ್ಮನ ಮಗಳು ಶಿಕಾಗೋದಲ್ಲಿದ್ದಾಳೆ, ಮೊಮ್ಮಕ್ಕಳಿಗೆ ಸ್ಪ್ಯಾನಿಷ್ ಅರ್ಧಂಬರ್ಧ. ಅದಕ್ಕೇ ಅಮ್ಮನಿಗೆ ಇಂಗ್ಲಿಷ್ ಬೇಕು. ಅವರನ್ನು ಅತಿ ಹೆಚ್ಚು ಗೋಳು ಹುಯ್ದುಕೊಂಡ ಪದ ಗೆಟ್. ಆಕ್ಸ್‌ಫರ್ಡ್ ನಿಘಂಟಿನವರು ರನ್ ಕ್ರಿಯಾಪದಕ್ಕೆ 645 ಅರ್ಥ ಎಣಿಸಿದ್ದಾರಲ್ಲ, ಅದನ್ನೇ ತಗೋಬಾರದಿತ್ತಾ ಅಂತ ಒಬ್ಬರು ಕೇಳಿದ್ದರು. ಸ್ವಾಮಿ, ರನ್ ಇಲ್ಲದೆ ಒಂದು ದಿನ ದೂಡಬಹುದು. ಗೆಟ್ ಇಲ್ಲದೆ ಹಾಸಿಗೆಯಿಂದ ಏಳೋದಕ್ಕೇ ಆಗಲ್ಲ. ಹಳೆಯ ನಾರ್ಸ್ ಭಾಷೆಯಿಂದ ವೈಕಿಂಗರ ಬೆನ್ನಿಗೆ ಬಂದು, ಇಂಗ್ಲಿಷಿನ ಮನೆಯನ್ನೇ ತನ್ನ ಹೆಸರಿಗೆ ಬರೆಸಿಕೊಂಡ ಪದ ಅದು.

ಮೊದಲ ಮೂರು ಆವೃತ್ತಿಗಳ ಕಥೆ ಬೇಗ ಮುಗಿಸ್ತೀನಿ, ಹೇಳಿಕೊಳ್ಳೋ ಹಾಗಿಲ್ಲ. ಅರ್ಥಕ್ಕೊಂದು ಮನೆ ಅಂತ ಕೊರೆದೆ. ಕಾಗದ ಬಂದರೆ ರೆಸಿಬೀರ್, ಕೆಲಸ ಸಿಕ್ಕರೆ ಕೊನ್ಸೆಗೀರ್, ಬ್ರೆಡ್ ತಂದರೆ ಕೊಂಪ್ರಾರ್, ಮನೆ ಮುಟ್ಟಿದರೆ ಯೆಗಾರ್, ತಲೆಗೆ ಹೋದರೆ ಎಂತೆಂದೆರ್. ಇಪ್ಪತ್ತೆರಡು ಮನೆ ಆಯ್ತು, ಅಕ್ಷರ ಇರುವೆ ಸಾಲಿನ ಹಾಗೆ ಕಾಣ್ತಿತ್ತು. ಎರಡನೆಯದರಲ್ಲಿ ಬಸ್ ಹಿಡಿಯೋದಕ್ಕೆ ಸ್ಪೇನಿನ ಪುಸ್ತಕ ನೋಡಿ ಕೊಹೆರ್ ಅಂತ ಅಚ್ಚು ಹಾಕಿಸಿಬಿಟ್ಟೆ. ಸ್ಪೇನಿನಲ್ಲಿ ಅದು ಹಿಡಿಯೋದು, ತಗೊಳ್ಳೋದು ಅಷ್ಟೆ. ಮೆಕ್ಸಿಕೋದಲ್ಲಿ ಮಡಿವಂತರ ಮುಂದೆ ಆಡೋ ಮಾತಲ್ಲ. ಓನರಮ್ಮ ಓದಿ, ಚಕ್ರವನ್ನು ಮೆಲ್ಲಗೆ ಬೋರಲು ಹಾಕಿ, “ಮಿಹೊ (ಮಗನೇ), ಕಾಫಿ ಕುಡೀತೀಯಾ?” ಅಂದರು. ಆ ಹತ್ತು ಪ್ರತಿ ಈಗ ಕುಂಡಗಳ ಕೆಳಗಿವೆ.

ನಾಲ್ಕನೆಯದರಲ್ಲಿ ಅರ್ಥದ ಗೊಡವೆಯನ್ನೇ ಬಿಟ್ಟೆ. ಗೆಟ್ ಆದಮೇಲೆ ಏನು ಬರುತ್ತೆ ಅನ್ನೋದರ ಮೇಲೆ ಮನೆ ಮಾಡಿದೆ. ವಸ್ತು ಬಂದರೆ ಸಿಗೋದು, ತಗೊಳ್ಳೋದು. ಜಾಗ ಬಂದರೆ ತಲುಪೋದು. ಗುಣವಾಚಕ ಬಂದರೆ ಆಗೋದು. ಅಪ್, ಆನ್, ಆಫ್‌ನಂಥ ಪುಡಿಪದಗಳಿಗೆ ಒಂದು ಮನೆ. ಹೀಗೆ ಇಪ್ಪತ್ತೆರಡು ಹೋಗಿ ಏಳಕ್ಕೆ ಇಳಿಯಿತು.

ಗುಣವಾಚಕದ ಮನೆಯಲ್ಲಿ ನನಗೆ ಕನ್ನಡ ಕೈ ಹಿಡಿಯಿತು. ಇಂಗ್ಲಿಷಿನಲ್ಲಿ ಗೆಟ್ ಟಯರ್ಡ್, ಗೆಟ್ ವೆಟ್, ಗೆಟ್ ಆ್ಯಂಗ್ರಿ ಅಂತ ಎರಡೆರಡು ಪದ. ಸ್ಪ್ಯಾನಿಷಿನಲ್ಲಿ ಒಂದೊಂದೇ: ಕನ್ಸಾರ್ಸೆ, ಮೊಹಾರ್ಸೆ, ಎನೊಹಾರ್ಸೆ. ಕೊನೆಯ ಆ “ಸೆ” ಇದೆಯಲ್ಲ, ಅದು ನಮ್ಮ “ಕೊಳ್ಳು”ವಿನ ದೂರದ ನೆಂಟನ ಥರ. ಮುಖ ತೊಳ್ಕೊಂಡೆ, ತಲೆ ಬಾಚ್ಕೊಂಡೆ, ಅಂಗಿ ಹಾಕ್ಕೊಂಡೆ ಅಂದರೆ ಅಲ್ಲೂ ಅದೇ “ಸೆ”, ನಾನು ಅಂದಾಗ “ಮೆ” ಆಗಿ ಬರುತ್ತೆ. ಯಾರ ಮುಖ ಅಂತ ನಾವೂ ಹೇಳಲ್ಲ, ಅವರೂ ಹೇಳಲ್ಲ. “ಮೈ ಫೇಸ್” ಅಂತ ಸ್ವಂತ ಮುಖಕ್ಕೂ ಹಕ್ಕುಪತ್ರ ತೋರಿಸೋರು ಇಂಗ್ಲಿಷಿನವರು ಮಾತ್ರ. ಮದುವೆಯದೂ ಹಾಗೇ. ಕಸಾರ್ಸೆ ಕೊನ್ ಅಂದರೆ ಇಂಥವರ ಜೊತೆ ಮದುವೆಯಾಗು. ಹಾಗಾಗಿ ಇಲ್ಲಿಯವರು “ಗೆಟ್ ಮ್ಯಾರೀಡ್ ವಿತ್” ಅನ್ನದೆ ಬಿಡಲ್ಲ. ಆ ಮನೆಯ ಅಂಚಿಗೆ ಕೆಂಪಲ್ಲಿ “ಟು” ಅಂತ ಬರೆದಿದ್ದೀನಿ, ಓನರಮ್ಮ ಇವತ್ತಿಗೂ “ವಿತ್” ಅಂತಲೇ ಓದ್ತಾರೆ.

ಏಳನೇ ಮನೆ ಮಾತ್ರ ಬಗ್ಗಲಿಲ್ಲ: ಗೆಟ್, ಒಂದು ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ. ಐ ಗಾಟ್ ಮೈ ಹೇರ್ ಕಟ್. ಬಲಗಡೆ ಕಿಂಡಿಯಲ್ಲಿ “ಮೆ ಕೊರ್ತೆ ಎಲ್ ಪೇಲೊ” ಅಂತ ಹಾಕಿದ್ದೆ. ವ್ಯಾಕರಣ ಸರಿ, ಅನುವಾದವೂ ಸರಿ, ಕಲಿಯೋರು ಮಾತ್ರ ಪ್ರತಿ ಸಲ “ಐ ಕಟ್ ಮೈ ಹೇರ್” ಅಂತಿದ್ದರು. ಮಾದರಿಗೆ ಕಟ್ ಆರಿಸಿದ್ದೇ ಮೊದಲ ಪೆದ್ದುತನ, ಅದರ ಮೂರೂ ರೂಪ ಒಂದೇ. ಬದಲಿಸಿ ಫೋನ್ ರಿಪೇರಿ ಹಾಕಿದೆ. ಆಗ “ಐ ಗಾಟ್ ರಿಪೇರ್ಡ್ ಮೈ ಫೋನ್” ಬಂತು, ಪದಗಳು ಸರಿ, ಸಾಲು ತಲೆಕೆಳಗು. ಆ ವಾರ ಚಕ್ರವನ್ನು ಕಪಾಟಿಗೆ ಎಸೆದು ಬಾಗಿಲು ಹಾಕಿದ್ದೆ.

ಮಂಡಿ ವಾಕ್ಯ ಕೇಳಿದ್ದು ಅದಾದಮೇಲೆ. ಅವರ ತಲೆಯಲ್ಲಿದ್ದದ್ದು “ಮೆ ಒಪೆರೆ ದೆ ಲಾ ರೊದಿಯಾ”. ಅಕ್ಷರಕ್ಕೆ ಅಕ್ಷರ ಹಿಡಿದರೆ ನನ್ನನ್ನು ನಾನೇ ಆಪರೇಷನ್ ಮಾಡಿಕೊಂಡೆ. ಸರ್ಜನ್ ಆ ವಾಕ್ಯದೊಳಗೆ ಎಲ್ಲೂ ಇಲ್ಲ, ಕೇಳೋರೇ ಊಹಿಸಿಕೊಳ್ಳಬೇಕು. ಕಟಿಂಗ್ ವಾಕ್ಯದಲ್ಲಿ ಬಾರ್ಬರ್ ಮಾಯವಾಗೋದೂ ಹಾಗೇ. ಕನ್ನಡದಲ್ಲಿ ಆಪರೇಷನ್ ಮಾಡಿಸ್ಕೊಂಡೆ, ಕಟಿಂಗ್ ಮಾಡಿಸ್ಕೊಂಡೆ ಅಂತೀವಿ. ಆ ಒಂದು “ಇಸು”ವಿನಲ್ಲಿ ಸರ್ಜನ್, ಬಾರ್ಬರ್ ಇಬ್ಬರೂ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ! ಇಂಗ್ಲಿಷಿನ ಗೆಟ್ ಇಲ್ಲಿ ಮಾಡೋ ಕೆಲಸ ಅದೇ. ಮಾಡಿಸೋದನ್ನು ಬಿಡಿಸಿ ಹೇಳಲು ಸ್ಪ್ಯಾನಿಷಿನಲ್ಲೂ ದಾರಿ ಇದೆ, “ಮಂದೆ ಅರ್ರೆಗ್ಲಾರ್ ಎಲ್ ಕಾರ್ರೊ” ಅಂದರೆ ಕಾರು ರಿಪೇರಿ ಮಾಡಿಸಿದೆ. ಆದರೆ ಕೂದಲಿಗೂ ಮಂಡಿಗೂ ಅಷ್ಟು ದೂರ ಹೋಗೋ ಅಭ್ಯಾಸ ಇಲ್ಲ.

ಅಂದರೆ ತಪ್ಪು ಇಂಗ್ಲಿಷ್ ಕಡೆಯ ಕಿಂಡಿಯಲ್ಲಿ ಇರಲೇ ಇಲ್ಲ. ಸ್ಪ್ಯಾನಿಷ್ ಕಡೆ ಒಂದು ಪ್ರಶ್ನೆ ಕಮ್ಮಿ ಇತ್ತು. ಏಳನೇ ಮನೆಯ ಬಲ ಕಿಂಡಿಯ ಮೇಲೆ ಎರಡು ಸೆಂಟಿಮೀಟರಿನ ಮುಚ್ಚಳ ಅಂಟಿಸಿದೆ. ಮೇಲೆ “ಕಿಯೆನ್?”, ಯಾರು? ಎತ್ತಿದರೆ ಕೆಳಗೆ ಎರಡು ಚಿತ್ರ: ಕತ್ತರಿ ಹಿಡಿದ ನಾನು, ಕತ್ತರಿ ಹಿಡಿದ ಬೇರೆಯವನು. ಬೇರೆಯವನಾದರೆ ಮಾತ್ರ ಬಾಣ ಗೆಟ್ ಕಡೆಗೆ. ಓನರಮ್ಮ ಎತ್ತಿದರು, ನೋಡಿದರು, “ಯಾ ಮೆ ಕಯೋ ಎಲ್ ಬೇಂತೆ!” ಅಂದರು. ಇಪ್ಪತ್ತು ಬಿತ್ತು ಅಂತ. ಹಿಂದೆ ಇಲ್ಲಿಯ ಸಾರ್ವಜನಿಕ ಫೋನುಗಳಿಗೆ ಇಪ್ಪತ್ತು ಸೆಂತಾವೊ ನಾಣ್ಯ ಹಾಕ್ತಿದ್ದರು, ಅದು ಒಳಗೆ ಬಿದ್ದಮೇಲೇ ಮಾತು. ಐ ಗೆಟ್ ಇಟ್ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸ್ಪ್ಯಾನಿಷ್ ನನ್ನ ಚಕ್ರದಲ್ಲಿಲ್ಲ. ಎಂತೆಂದೆರ್ ಹೊಡೆದುಹಾಕಿ ಅದನ್ನೇ ಬರೆದೆ.

ಇನ್ನು ಕೈಕೆಲಸದ ಗೋಳು. ಮುಚ್ಚಳದ ದಪ್ಪಕ್ಕೆ ಮೇಲಿನ ತಟ್ಟೆ ಏಳನೇ ಮನೆಗೆ ಬಂದಾಗಲೆಲ್ಲ ಸಿಕ್ಕಿಹಾಕಿಕೊಳ್ತಿತ್ತು. 300 ಜಿಎಸ್‌ಎಂ ದಪ್ಪ ರಟ್ಟು ಬಿಟ್ಟು 200ರ ತೆಳು ರಟ್ಟಿಗೆ ಇಳಿದರೆ ತಟ್ಟೆ ಹಪ್ಪಳದ ಹಾಗೆ ಸುರುಳಿ. ಕೊನೆಗೆ ಹಾಲಿನ ಡಬ್ಬದ ರಟ್ಟಿನಿಂದ ಗುಂಡಗೆ ವಾಷರ್ ಕತ್ತರಿಸಿ ನಡುವೆ ಕೂರಿಸಿದೆ. ಪ್ಲಾಸ್ಟಿಕ್ಕಿನ ತೆಳು ಪದರ ಇರೋದರಿಂದ ಬೆಣ್ಣೆಯ ಹಾಗೆ ಜಾರುತ್ತೆ. ಆದರೆ ಈಗ ರಿವೆಟ್ ಗಿಡ್ಡ. 5 ಮಿಲಿಮೀಟರ್ ಉದ್ದದ್ದು ಬೇಕು ಅಂತ ಆನ್‌ಲೈನ್ ಅಂಗಡಿಗೆ ದುಡ್ಡು ಕಟ್ಟಿದರೆ 3ರದ್ದು ಬಂತು, ವಾಪಸ್ ಕಳಿಸೋ ಖರ್ಚು ರಿವೆಟ್ಟಿಗಿಂತ ಜಾಸ್ತಿ. ಬೀದಿ ಕೊನೆಯ ಸ್ಟೇಷನರಿ ಅಂಗಡಿಯವನನ್ನು ಕೇಳಿದೆ, “ಅಓರಿತಾ” ಅಂದ. ಈಗಲೇ ಅಂತ ಅರ್ಥ, ನಿಘಂಟಿನಲ್ಲಿ. ಅವನ ಅಂಗಡಿಯಲ್ಲಿ ಅದು ನಮ್ಮೂರ ಬಾಗಿಲ ಮೇಲಿನ “ನಾಳೆ ಬಾ”. ಹತ್ತು ದಿನದಿಂದ ದೆವ್ವದ ಹಾಗೆ ಹೋಗಿ ಓದ್ಕೊಂಡು ಬರ್ತಿದ್ದೀನಿ.

ಕಾಯೋ ಹೊತ್ತಲ್ಲಿ ಮುಂದಿನ ಚಕ್ರದ ಚೀಟಿ ತುಂಬಿಸ್ತಿದ್ದೀನಿ. ಈ ಸಲ ಕನ್ನಡದ್ದು: ಹೊಡಿ. ಫೋನ್ ಹೊಡಿ, ಬಣ್ಣ ಹೊಡಿ, ಕಣ್ಣು ಹೊಡಿ, ಟೀ ಹೊಡಿ, ನಿದ್ದೆ ಹೊಡಿ, ಡೈಲಾಗ್ ಹೊಡಿ. ಲಾಟರಿ ಹೊಡೀತು, ವಾಸನೆ ಹೊಡೀತು. ಗೆಟ್‌ಗೆ ಬೈದಿದ್ದೆಲ್ಲ ವಾಪಸ್ ತಗೋಬೇಕಾಗಿದೆ. ಆಫೀಸಿನ ಮೆಕ್ಸಿಕನ್ ಗೆಳೆಯ ಪಟ್ಟಿ ನೋಡಿ, ನಿಮ್ಮೂರಲ್ಲಿ ಯಾರಾದರೂ ಯಾರಿಗೂ ಏನೂ ಹೊಡೆಯದೆ ಇರ್ತಾರಾ ಅಂತ ಕೇಳಿದ.

ಗೆಟ್ ಚಕ್ರಕ್ಕೆ ಇನ್ನೂ ಎರಡು ಮುಳ್ಳು ಉಳಿದಿವೆ. “ಐ ಗಾಟ್ ಮೈ ಫೋನ್ ಸ್ಟೋಲನ್” ಏಳನೇ ಮನೆಗೇ ಬಂದು ಕೂರುತ್ತೆ, ಮುಚ್ಚಳ ಎತ್ತಿದರೆ ಬೇರೆಯವನ ಚಿತ್ರವೂ ಸರಿಯೇ, ಆದರೆ ಯಾರೂ ದುಡ್ಡು ಕೊಟ್ಟು ಕಳ್ಳತನ ಮಾಡಿಸಿಕೊಳ್ಳಲ್ಲ. ಇನ್ನೊಂದು, ಮಂಡಿ ವಾಕ್ಯಕ್ಕೆ ಕೊನೆಯಲ್ಲಿ “ಆನ್” ಬೇಕು: ಐ ಗಾಟ್ ಮೈ ನೀ ಆಪರೇಟೆಡ್ ಆನ್. ಅದನ್ನು ಹಾಕಲು ಕಿಂಡಿಯಲ್ಲಿ ನಾಲ್ಕು ಮಿಲಿಮೀಟರ್ ಜಾಗ ಸಾಲದು. ಓನರಮ್ಮ ಅಕ್ಷರ ಚಿಕ್ಕದು ಮಾಡು ಅಂತಾರೆ, ಮಾಡಿದರೆ ಕನ್ನಡಕ ಹುಡುಕ್ತಾರೆ.