ಗೋಡೆ ನೆಲಕ್ಕಿಳಿದಂತೆ

ಹೊಸ ಮಾದರಿಯ ಮನೆಯ ಮುಂದೆ ಕಾಂಕ್ರೀಟ್ ನೆಲಹಾಸು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಅದರಲ್ಲಿ ಕೊರೆದ ಗೀಟುಗಳ ಕಡೆ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಆ ಬಿರುಕಿಗೆ ಮೊದಲೇ ದಾರಿ ತೋರಿಸುವುದು ಈ ಗೀಟುಗಳ ಕೆಲಸ. 100 ಮಿಲಿಮೀಟರ್ ದಪ್ಪದ ಕಾಂಕ್ರೀಟಿಗೆ ಸುಮಾರು 2.5ರಿಂದ 3 ಮೀಟರಿಗೊಂದು ಗೀಟು, ಅದರ ಆಳ ಕಾಂಕ್ರೀಟಿನ ದಪ್ಪದ ಕಾಲು ಭಾಗ. ಹೇಗೂ ಹಾಕಲೇಬೇಕು. ಅದನ್ನೇ ಕಿಟಕಿಯ ಅಂಚಿನ ನೇರಕ್ಕೋ ಕಂಬದ ಸಾಲಿನ ನೇರಕ್ಕೋ ಹಾಕಬಹುದಲ್ವಾ? ಆಗ ಗೋಡೆಯೇ ನೆಲಕ್ಕೆ ಇಳಿದು ಮುಂದುವರಿದಂತೆ ಕಾಣುತ್ತದೆ! ಸುಮ್ನೆ ಬಣ್ಣ, ಅಚ್ಚಿನ ಡಿಸೈನ್ ಜಾಸ್ತಿ ಮಾಡುವುದಕ್ಕಿಂತ ನನಗೆ ಇದೇ ಇಷ್ಟ. ಕಾಂಕ್ರೀಟ್ ಹಸಿಯಿರುವಾಗ ಮೇಲೆ ಪೊರಕೆಯಿಂದ ಗೆರೆ ಎಳೆದರೆ ಸಾಕು, ಮಳೆಯಲ್ಲೂ ಕಾಲು ಅಷ್ಟಾಗಿ ಜಾರುವುದಿಲ್ಲ. ಕಾಂಕ್ರೀಟನ್ನು ಬಿಡಿ ಚಪ್ಪಡಿಗಳಾಗಿ ಹಾಕಿ ನಡುವೆ ಹುಲ್ಲಿಗೆ ಜಾಗ ಬಿಟ್ಟರೆ ನೀರೂ ಮಣ್ಣಿಗೆ ಇಳಿಯುತ್ತದೆ.